ಹೂವಿನ ನೀಲಿಗೆ ಮೂರು ಲೋಟ ಬೂದಿನೀರು

ಜನವರಿ 12

ಅಕ್ಕನಿಗೆ,

ಹದಿನೆಂಟು ವರ್ಷಗಳ ಮೇಲೆ ಬರೆಯುತ್ತಿರುವ ಕಾಗದ ಇದು. ನಾಲ್ಕು ಹಾಳೆ ಹರಿದು ಹಾಕಿ ಐದನೆಯದರಲ್ಲಿ ಬರೆಯುತ್ತಿದ್ದೇನೆ. ಫೋನು ಮಾಡುವ ಧೈರ್ಯವಂತೂ ಇಲ್ಲ. ನೀವು ಹೇಗಿದ್ದೀರಿ ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದೆ ನೇರವಾಗಿ ಕೆಲಸದ ವಿಷಯಕ್ಕೇ ಬರುತ್ತೇನೆ.

ನಾನು ಈಗಲೂ ನಿಘಂಟು ಕಚೇರಿಯಲ್ಲೇ ಇದ್ದೇನೆ. ವಿಜ್ಞಾನದ ಪದಗಳು ಎಲ್ಲಿ ಹುಟ್ಟಿದವು, ಎಲ್ಲೆಲ್ಲಿ ಅಲೆದು ನಮ್ಮ ಬಾಯಿಗೆ ಬಂದವು ಎಂದು ಹುಡುಕಿ, ಒಂದೊಂದಕ್ಕೆ ಒಂದೊಂದು ಕಾರ್ಡು ಬರೆಯುವುದು ನನ್ನ ಕೆಲಸ. ಈ ಸಲ ಗಿಡಗಳೊಳಗಿನ ರಾಸಾಯನಿಕಗಳ ಸರದಿ. ಮೇಜಿನ ಮೇಲೆ ಈಗಿರುವ ಕಾರ್ಡು ‘ಆಂಥೋಸಯನಿನ್’. ಹೆಸರು ಕೇಳಿ ಹೆದರಬೇಡಿ, ನೀವು ಅದರಲ್ಲಿ ಎಷ್ಟೋ ಸಲ ಮೊಣಕೈವರೆಗೆ ಕೈ ಅದ್ದಿದ್ದೀರಿ. ಎಷ್ಟೋ ಹೂವಿಗೆ, ಹಣ್ಣಿಗೆ, ನೇರಳೆ ಬಣ್ಣದ ಕೋಸಿಗೆ ಬಣ್ಣ ಕೊಡುವ ವಸ್ತು ಅದು. ಗ್ರೀಕ್ ಭಾಷೆಯಲ್ಲಿ ‘ಆಂಥೋಸ್’ ಎಂದರೆ ಹೂವು, ‘ಕ್ಯಾನೋಸ್’ ಎಂದರೆ ನೀಲಿ. ಎರಡೂ ಸೇರಿ ಹೂವಿನ ನೀಲಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಒಬ್ಬ ಜರ್ಮನ್ ಔಷಧ ತಯಾರಕ ನೀಲಿ ಹೂಗಳ ಬಣ್ಣಕ್ಕೆ ಈ ಎರಡು ಪದ ಜೋಡಿಸಿ ಹೆಸರಿಟ್ಟ. ಆಮೇಲೆ ಬಂದವರು ನೋಡಿದರೆ ಬೇಕಾದಷ್ಟು ಕೆಂಪು ಹೂವುಗಳಲ್ಲೂ ಅದೇ ಬಗೆಯ ವಸ್ತು. ಹೆಸರು ಮಾತ್ರ ನೀಲಿಯಾಗೇ ಉಳಿಯಿತು.

ನಮ್ಮ ಸಂಪಾದಕರನ್ನು ನಾವೆಲ್ಲ ಬೆನ್ನ ಹಿಂದೆ ಅಲ್ಪವಿರಾಮ ಎನ್ನುತ್ತೇವೆ, ಮಾತಿನ ನಡುವೆ ಅಷ್ಟು ನಿಲ್ಲುತ್ತಾರೆ. ಅವರು ಕಾರ್ಡು ನೋಡಿ, “ಅಲ್ಲಪ್ಪಾ... ಕೆಂಪಗಿರೋದಕ್ಕೂ... ನೀಲಿ ಅಂತ ಹೆಸರು ಯಾಕೆ? ಕಣ್ಣಾರೆ ನೋಡಿದವರನ್ನ... ಕೇಳಿ ಬರಿ” ಎಂದರು. ಕಣ್ಣಾರೆ ನೋಡಿದವರು ಎಂದಾಗ ನನಗೆ ನೆನಪಾದದ್ದು ನೀವೊಬ್ಬರೇ. ನಿಮ್ಮ ಬಣ್ಣದ ಮನೆಯಲ್ಲಿ, ಬಟ್ಟೆ ಅದ್ದುವ ಹಂಡೆಯ ನೀರು ಕೆಂಪಿನಿಂದ ನೀಲಿಗೆ ಹೇಗೆ ತಿರುಗುತ್ತದೆ ಎಂದು ನಾಲ್ಕು ಸಾಲು ಬರೆಯುತ್ತೀರಾ? ಸಾಧ್ಯವಾದರೆ ಬಣ್ಣ ಹಾಕಿದ ಬಟ್ಟೆಯ ತುಂಡುಗಳನ್ನೂ ಕಳಿಸಿ. ಕಾರ್ಡಿಗೆ ಪಿನ್ ಮಾಡಿ ಇಡುತ್ತೇವೆ.

ಉತ್ತರ ಬರೆಯದಿದ್ದರೂ ತಪ್ಪು ತಿಳಿಯುವುದಿಲ್ಲ.

ನಿಮ್ಮ ತಮ್ಮ


ಫೆಬ್ರವರಿ 3

ತಮ್ಮನಿಗೆ,

ಯಾವಾಗಿನಿಂದ ನಾನು ನಿನಗೆ ‘ನೀವು’ ಆದೆ? ನಿನ್ನ ಮೂಗು ಒರೆಸಿ ಶಾಲೆಗೆ ಕಳಿಸಿದವಳು ನಾನು. ಓದುತ್ತಾ ಓದುತ್ತಾ, ಬೇರೆ ಯಾರಿಗೋ ಬರಬೇಕಾದ ಕಾಗದ ತಪ್ಪಿ ನನ್ನ ಮನೆಗೆ ಬಂದಿದೆ ಎಂದುಕೊಂಡೆ.

ಅಮ್ಮ ಹೋದಮೇಲೆ ಹದಿನೆಂಟು ವರ್ಷ ಒಂದು ಸಾಲಿಲ್ಲ. ಈಗ ಒಂದು ಗ್ರೀಕ್ ಪದಕ್ಕೋಸ್ಕರ ಅಕ್ಕ ನೆನಪಾದಳು. ಆ ಪದಕ್ಕೆ ನನ್ನದೊಂದು ದೊಡ್ಡ ನಮಸ್ಕಾರ. ನಾನೂ ಬರೆಯಲಿಲ್ಲ, ಅದು ನಿಜ. ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಅಮ್ಮನ ಕಣ್ಣಿನ ಪೊರೆ ತೆಗೆಸೋಣ ಎಂದು ಕುಣಿದವನು ನೀನು. “ಅರ್ಧ ಗಂಟೆ ಕೆಲಸ ಅಮ್ಮಾ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿರ್ತೀವಿ” ಎಂದೆ. ಕೀವು ತುಂಬಿ ಆ ಕಣ್ಣೇ ಹೋಯಿತು. ಇನ್ನೊಂದನ್ನು ಮುಟ್ಟಲು ಅವಳು ಯಾರಿಗೂ ಬಿಡಲಿಲ್ಲ, ಅದೂ ಮೆಲ್ಲಗೆ ಮುಚ್ಚಿಕೊಂಡಿತು. ಈ ಬಣ್ಣದ ಮನೆಯನ್ನು ಕಟ್ಟಿ ನಿಲ್ಲಿಸಿದವಳು ಕೊನೆಯ ನಾಲ್ಕು ವರ್ಷ ಹಂಡೆಯ ಪಕ್ಕ ಸ್ಟೂಲಿನ ಮೇಲೆ ಕೂತು, “ಈಗ ಯಾವ ಬಣ್ಣ ಬಂತೇ?” ಎಂದು ನನ್ನನ್ನು ಕೇಳುತ್ತಿದ್ದಳು. ಇದನ್ನು ಬರೆಯಬಾರದು ಎಂದುಕೊಂಡೇ ಪೆನ್ನು ಹಿಡಿದದ್ದು. ಬರೆದಾಯಿತು, ಇರಲಿ.

ಇನ್ನು ನಿನ್ನ ಪ್ರಶ್ನೆ. ಹೂವಿನ ನೀಲಿ ಎಂಬ ಅಷ್ಟು ಚಂದದ ಹೆಸರಿನ ವಸ್ತುವಿಗೆ ನಾನು ಕುದಿಸುವುದು ಕೋಸು. ನೀನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆಯಲ್ಲ, ಅದೇ ವಾಸನೆ, ಒಂದು ಚೂರೂ ಬದಲಾಗಿಲ್ಲ. ನೇರಳೆ ಕೋಸನ್ನು ಸಣ್ಣಗೆ ಹೆಚ್ಚಿ ಕುದಿಸಿ ಸೋಸಿದರೆ ನೇರಳೆ ನೀರು. ಹುಳಿ ಬಿದ್ದರೆ ಅದು ಕೆಂಪಿಗೆ ಹೋಗುತ್ತದೆ, ಬೂದಿನೀರು ಬಿದ್ದರೆ ನೀಲಿಗೆ. ಪಟಿಕದ ನೀರಿನಲ್ಲಿ ನೆನೆಸಿಟ್ಟ ಬಟ್ಟೆಯಾದರೆ ಬಣ್ಣ ಹಿಡಿಯುತ್ತದೆ. ಬಿಸಿಲಿಗೆ ನಿಲ್ಲುವ ಬಣ್ಣವಲ್ಲ ಇದು. ಒಂದು ದಿನದ ಸೊಗಸಿಗೆ ಬೇಕೆನ್ನುವವರು ಮಾತ್ರ ಹೇಳಿ ಮಾಡಿಸುತ್ತಾರೆ.

ತಿರುಗುವುದು ಹೇಗೆ ಎಂದು ಕೇಳಿದ್ದೀಯ. ಬೂದಿನೀರನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಮೊದಲು ನೇರಳೆಯ ಅಂಚು ಸಡಿಲವಾಗುತ್ತದೆ. ಹೊಗೆಯಂಥದೊಂದು ನೀರಿನೊಳಗೆ ಎದ್ದು ಸುತ್ತುತ್ತದೆ. ನಡುವೆ ಒಂದು ಗಳಿಗೆ ನೀರಿಗೆ ಯಾವ ಬಣ್ಣವೂ ಇಲ್ಲವೇನೋ ಎನಿಸುತ್ತದೆ, ಅದನ್ನು ನೋಡುತ್ತಾ ನಿಂತರೆ ನಾವೆಲ್ಲಿದ್ದೇವೆ ಎಂಬುದೇ ಮರೆಯುತ್ತದೆ. ಆಮೇಲೆ ನೀಲಿ. ಬಂದ ಕೂಡಲೇ ಕೈ ನಿಲ್ಲಿಸಬೇಕು. ಇನ್ನೂ ಸುರಿದರೆ ನೀಲಿ ಕೆಟ್ಟು ಹಸಿರಾಗುತ್ತದೆ, ಅದಕ್ಕೂ ಮೇಲೆ ಸುರಿದರೆ ಬಾಡಿದ ಎಲೆಯ ಹಳದಿ. ಹುಳಿ ಹಾಕಿ ಹಿಂದಕ್ಕೆ ಕರೆಯಬಹುದು, ಆದರೆ ಹಾಗೆ ಹಿಂದೆ ಬಂದ ನೀಲಿಗೆ ಜೀವ ಇರುವುದಿಲ್ಲ.

ತುಂಡು ಗಿಂಡು ಕಳಿಸಲು ನನಗೆ ಬಿಡುವಿಲ್ಲ. ಅಕ್ಷರ ದೊಡ್ಡದಾಯಿತೆಂದು ನಗಬೇಡ. ನಿನ್ನ ಅಲ್ಪವಿರಾಮದವರಿಗೂ ಓದಲು ಬರಲಿ ಎಂದು ಹಾಗೆ ಬರೆದೆ.

ಅಕ್ಕ


ಫೆಬ್ರವರಿ 20

ಅಕ್ಕಾ,

‘ನೀನು’ ಎನ್ನಲು ಅಪ್ಪಣೆ ಸಿಕ್ಕಿತು ಎಂದುಕೊಂಡಿದ್ದೇನೆ. ಬೈಗುಳವೂ ಸೇರಿ ಕಾಗದವನ್ನು ಮೂರು ಸಲ ಓದಿದೆ. ಅಮ್ಮನ ವಿಷಯ ಬರೆದಿರುವುದನ್ನು ನಾಲ್ಕನೆಯ ಸಲವೂ ಓದಿದೆ.

ನೀನು ಬರೆದ ಆ ಬಣ್ಣವಿಲ್ಲದ ಗಳಿಗೆಯನ್ನು ಅಲ್ಪವಿರಾಮದವರಿಗೆ ಓದಿ ಹೇಳಿದೆ. ಅವರು ಕಾಗದ ಇಸಿದುಕೊಂಡು ಆ ಸಾಲನ್ನು ತಾವೇ ಇನ್ನೊಂದು ಸಲ ಓದಿದರು.

ಈ ವಾರವೆಲ್ಲ ಇಲ್ಲಿ ಮಂಜು. ಕಚೇರಿಯ ಕಿಟಕಿಯಾಚೆ ಬೀದಿ ಇದೆ ಎಂದು ನಂಬಬೇಕು, ಅಷ್ಟೇ. ಗೋಡೆಯ ತುಂಬಾ ಮರದ ಡ್ರಾಯರುಗಳು, ಅವುಗಳ ತುಂಬಾ ಕಾರ್ಡು. ಮಧ್ಯಾಹ್ನ ಎಲ್ಲರೂ ಮೇಜಿಗೆ ತಲೆಯಾನಿಸಿ ಜೋಂಪು ಹತ್ತಿದವರಂತೆ ಇರುತ್ತೇವೆ. ಅಂಥ ಹೊತ್ತಿನಲ್ಲಿ ‘ಕ್ಯಾನೋಸ್’ ಬೆನ್ನು ಹತ್ತಿ ಇನ್ನೂ ಹಿಂದಕ್ಕೆ ಹೋದೆ. ಮೊದಲಿಗೆ ಅದು ಕಡುನೀಲಿಯ ಒಂದು ಕಲ್ಲಿಗೆ, ಅದರಂತೆಯೇ ಹೊಳೆಯುವ ಗಾಜಿನಂಥ ಲೇಪಕ್ಕೆ ಇದ್ದ ಹೆಸರಂತೆ. ಹಳೆಯ ಗ್ರೀಕರು ಅದೇ ಪದವನ್ನು ಹುಬ್ಬಿಗೂ ಗಡ್ಡಕ್ಕೂ ಹೇಳಿದ್ದಾರೆ. ನೀಲಿ ಗಡ್ಡದವರು ಯಾರಿದ್ದಾರು? ಕಪ್ಪು ಎಂದೇ ಅರ್ಥ ಮಾಡಿಕೊಳ್ಳಬೇಕು. ನಾವೂ ಅಷ್ಟೇ ಅಲ್ಲವೇ, ಕಪ್ಪು ಜಡೆಯವಳನ್ನು ನೀಲವೇಣಿ ಎನ್ನುತ್ತೇವೆ. ಕಪ್ಪು ಎಲ್ಲಿ ಮುಗಿಯಿತು, ನೀಲಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವ ಅವಸರ ಆಗಿನವರಿಗೆ ಇರಲಿಲ್ಲವೇನೋ.

ನಿನ್ನೆ ಕನಸಿನಲ್ಲಿ ನಾನು ಆ ಪದದೊಳಗೆ ನಡೆಯುತ್ತಿದ್ದೆ. ಪಾದ ಮುಳುಗುವಷ್ಟು ನೀರು, ಬಣ್ಣ ಯಾವುದೆಂದು ತಿಳಿಯದು. ಯಾರೋ ಮುಂದೆ ನಡೆಯುತ್ತಿದ್ದರು. ಅವರ ಸೆರಗಿನ ಅಂಚು ನೀರಿಗೆ ತಾಗಿದಲ್ಲೆಲ್ಲ ಬಣ್ಣ ಬರುತ್ತಿತ್ತು. ಎದ್ದಮೇಲೆ ಅದು ಅಮ್ಮನೋ ನೀನೋ ಎಂದು ನೆನಪಾಗಲಿಲ್ಲ.

ತುಂಡು ಕಳಿಸದಿದ್ದರೂ ಸರಿ, ಬರೆಯುತ್ತಿರು.

ನಿನ್ನ ತಮ್ಮ


ಮಾರ್ಚ್ 14

ತಮ್ಮಾ,

ಕಳಿಸುವುದಿಲ್ಲ ಎಂದಿದ್ದೆ, ಕಳಿಸುತ್ತಿದ್ದೇನೆ. ಭಾನುವಾರ ಬಣ್ಣದ ಮನೆಯಲ್ಲಿ ಯಾರೂ ಇರಲಿಲ್ಲ, ಹಿಂಡುವಾಕೆಯೂ ಇರಲಿಲ್ಲ. ಹನ್ನೊಂದು ವರ್ಷದಿಂದ ನನ್ನ ಜೊತೆ ಬಟ್ಟೆ ಹಿಂಡುತ್ತಿರುವ ಹೆಂಗಸು ಅವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಒಬ್ಬಳೇ ಕೂತು ಕೂತು ಬೇಜಾರಾಗಿ ಸಣ್ಣ ಪಾತ್ರೆಯಲ್ಲಿ ಕೋಸು ಕುದಿಸಿ ಮೂರು ತುಂಡು ಮಾಡಿದೆ. ಒಂದನೆಯದು ಹುಳಿಯ ಕೆಂಪು. ಎರಡನೆಯದು ಏನೂ ಹಾಕದ ನೇರಳೆ. ಮೂರನೆಯದು ಬೂದಿನೀರಿನ ನೀಲಿ. ಹಿಂದೆ ಚೀಟಿ ಹಚ್ಚಿದ್ದೇನೆ. ಮೂರನೆಯದನ್ನು ನೋಡಿ ನಿನ್ನ ಕಚೇರಿಯವರು ಬಾಯಿ ತೆರೆದು ನಿಲ್ಲಬೇಕು, ಅಂಥ ನೀಲಿ ನಾನು ಎಷ್ಟೋ ದಿನದಿಂದ ಮಾಡಿರಲಿಲ್ಲ.

ಇತ್ತೀಚೆಗೆ ನೀಲಿ ತಡವಾಗಿ ಬರುತ್ತದೆ ಮಾರಾಯ. ಮುಂಚೆ ಇಷ್ಟು ಅಳತೆಗೆ ಒಂದು ಲೋಟ ಬೂದಿನೀರು ಸಾಕಿತ್ತು. ಈಗ ಮೂರು ಬೇಕು. ಕೋಸಿನ ತಳಿ ಬದಲಾಯಿತೋ, ಬೂದಿ ಮಾಡುವ ಸೌದೆಯೇ ಸರಿಯಿಲ್ಲವೋ. ಹಿಂಡುವಾಕೆಗೆ ಹೇಳಿದರೆ, “ಹೌದಕ್ಕಾ, ಈಗಿನ ಕೋಸೇ ಸರಿ ಇಲ್ಲ, ನೀವು ಹಾಕಿ” ಎನ್ನುತ್ತಾಳೆ.

ನಿನ್ನ ಗ್ರೀಕರ ವಿಷಯ ಓದಿ ನಗು ಬಂತು, ನನಗೂ ಹಾಗೇ ಆಗುತ್ತದೆ. ಕಪ್ಪು ದಾರದ ಉಂಡೆಯನ್ನೂ ನೀಲಿ ದಾರದ ಉಂಡೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ಆಗಿಬಿಡುತ್ತವೆ. ಸಂಜೆ ಬೀದಿ ದೀಪ ಹತ್ತಿದರೆ ಒಂದೊಂದರ ಸುತ್ತಲೂ ಒಂದೊಂದು ದೊಡ್ಡ ಹೂವು ಅರಳುತ್ತದೆ. ನಾನು ಬಾಗಿಲಲ್ಲಿ ನಿಂತು ಆ ಹೂಗಳನ್ನು ಎಣಿಸುತ್ತೇನೆ. ಎದುರು ಮನೆಯ ಬಿಳಿ ಗೋಡೆ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ. “ಪೇಂಟ್ ಮಾಡ್ಸಿದ್ರಾ?” ಎಂದು ಕೇಳಿದರೆ ಆ ಮನೆಯವಳು ಇಲ್ಲ ಎಂದಳು. ಆಕಾಶವೂ ಹಳೆಯ ಕಾಗದದ ಹಾಗೆ ಮೆತ್ತಗಾಗಿದೆ. ಎಲ್ಲವೂ ಒಂದು ಹಳೆ ಫೋಟೋದೊಳಗೆ ನಡೆಯುತ್ತಿದೆ ಎನಿಸುತ್ತದೆ, ಮತ್ತು ನಿಜ ಹೇಳಬೇಕೆಂದರೆ ನನಗೆ ಅದು ಇಷ್ಟವೇ ಆಗಿದೆ. ವಯಸ್ಸಾದಂತೆ ಲೋಕ ಸ್ವಲ್ಪ ತಣ್ಣಗಾಗುತ್ತದೆ ಎಂದುಕೊಂಡಿದ್ದೇನೆ.

ನೀಲಿ ಹೇಗಿದೆ ಬರೆ.

ಅಕ್ಕ


ಮಾರ್ಚ್ 22
(ಬರೆದು, ಕಳಿಸದೆ, ಡ್ರಾಯರಿನಲ್ಲಿಟ್ಟದ್ದು)

ಅಕ್ಕಾ,

ಮೂರನೆಯ ತುಂಡು ನೀಲಿಯಲ್ಲ. ಹಸಿರು. ಅನುಮಾನಕ್ಕೆ ಜಾಗವೇ ಇಲ್ಲದಷ್ಟು ಹಸಿರು. ಚೀಟಿಯಲ್ಲಿ ನಿನ್ನ ದೊಡ್ಡ ಅಕ್ಷರ, ‘ನೀಲಿ’. ಕಿಟಕಿಯ ಹತ್ತಿರ ಹಿಡಿದು ನೋಡಿದೆ, ಬೆಳಕಿಗೆ ಅಡ್ಡ ಹಿಡಿದು ನೋಡಿದೆ. ಅಲ್ಪವಿರಾಮದವರಿಗೂ ತೋರಿಸಿದೆ. “ಇದು... ಎಲೆ ಹಸಿರು ಕಣಪ್ಪಾ... ಚೀಟಿ ಅದಲು ಬದಲಾಗಿರಬೇಕು” ಎಂದರು. ಚೀಟಿ ಅದಲು ಬದಲಾಗಿಲ್ಲ ಎಂದು ನನಗೆ ಗೊತ್ತು.

ನೀಲಿ ಒಂದನೇ ಲೋಟಕ್ಕೇ ಬಂದಿತ್ತು ಅಕ್ಕಾ. ನಿನಗೆ ಕಾಣಲಿಲ್ಲ. ನೀನು ಕಾದೆ, ಎರಡನೆಯದು ಹಾಕಿದೆ, ಇನ್ನೂ ಕಾದು ಮೂರನೆಯದು ಹಾಕಿದೆ. ಬಂದು ನಿನ್ನ ಮುಂದೆಯೇ ನಿಂತಿದ್ದ ನೀಲಿ ನೀನು ನೋಡುತ್ತಿರುವಾಗಲೇ ಹೊರಟುಹೋಯಿತು.

ದೀಪದ ಸುತ್ತ ಹೂವು ಅರಳುತ್ತದೆ ಎಂದು ಓದಿದಾಗ ಕಾಗದವನ್ನು ಮಡಚಿಟ್ಟುಬಿಟ್ಟೆ. ಅಮ್ಮನೂ ಮೊದಲು ಹೇಳಿದ್ದು ಅದನ್ನೇ. “ದೀಪಕ್ಕೆ ಬಳೆ ತೊಡಿಸಿದ್ದಾರೆ ನೋಡೋ” ಎನ್ನುತ್ತಿದ್ದಳು. ನಿನ್ನ ಕಣ್ಣಿಗೂ ಪೊರೆ ಬಂದಿದೆ. ಹೋಗಿ ತೋರಿಸಿಕೋ, ತೆಗೆಸಿಕೋ, ಇಲ್ಲದಿದ್ದರೆ ನೀಲಿ ಹೋದ ದಾರಿಯಲ್ಲಿ ಉಳಿದದ್ದೂ ಹೋಗುತ್ತದೆ, ಎಂದು ಹೇಳಬೇಕು. ಈ ಮಾತನ್ನು ನಿನಗೆ ಹೇಳಬಾರದವನು ಪ್ರಪಂಚದಲ್ಲಿ ಒಬ್ಬನೇ ಇದ್ದರೆ ಅದು ನಾನು.


ಮಾರ್ಚ್ 25

ಅಕ್ಕಾ,

ತುಂಡುಗಳು ತಲುಪಿದವು. ಮೂರೂ ಚೆನ್ನಾಗಿವೆ. ನೀಲಿ ತುಂಬಾ ಚೆನ್ನಾಗಿ ಬಂದಿದೆ.

ಕಚೇರಿಯಲ್ಲಿ ಕೆಲಸ ಜಾಸ್ತಿ, ಹೆಚ್ಚು ಬರೆಯಲು ಆಗುತ್ತಿಲ್ಲ. ಮೈ ಕೈ ನೋಡಿಕೋ. ಆರೋಗ್ಯ ಹೇಗಿದೆ? ಕಣ್ಣು ಗಿಣ್ಣು ಎಲ್ಲ ಸರಿಯಾಗಿದೆ ತಾನೇ?

ನಿನ್ನ ತಮ್ಮ


ಏಪ್ರಿಲ್ 11

ತಮ್ಮಾ,

ನಿನ್ನ ಕಾಗದವನ್ನು ಹಂಡೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ನೀಲಿ ತುಂಬಾ ಚೆನ್ನಾಗಿ ಬಂದಿದೆ ಎಂದು ನಿಘಂಟು ಬರೆಯುವವನೇ ಬರೆದಮೇಲೆ ಇನ್ನೇನು ಬೇಕು. ಒಳಗೊಳಗೇ ಏನೋ ಒಂದು ಅಳುಕಿತ್ತು. ಏನೆಂದು ಹೇಳುವುದಿಲ್ಲ. ಈಗ ಅದು ಹೋಯಿತು.

ಹೋದದ್ದಕ್ಕೆ ಸರಿಯಾಗಿ ಒಂದು ಕೆಲಸವೂ ಬಂತು. ಮಕ್ಕಳ ಹಾಡಿನ ತಂಡದವರಿಗೆ ಕೊರಳಿಗೆ ಕಟ್ಟುವ ವಸ್ತ್ರ, ಮೂವತ್ತಾರು, ಆಕಾಶದ ನೀಲಿ. ಒಂದೇ ಸಂಜೆಯ ಕಾರ್ಯಕ್ರಮ, ಬಣ್ಣ ನಿಲ್ಲದಿದ್ದರೂ ಪರವಾಗಿಲ್ಲ, ಅಂಗಡಿಯ ಬಣ್ಣ ಮಾತ್ರ ಬೇಡ ಎಂದರು ಹಾಡಿನ ಮೇಷ್ಟ್ರು. ಹಿಂಡುವಾಕೆ ಮಗಳ ಬಾಣಂತನಕ್ಕೆ ಹೋಗಿದ್ದಾಳೆ, ಬರುವುದು ಮುಂದಿನ ತಿಂಗಳು. ಅವಳಿಗಾಗಿ ಕಾಯುವುದಿಲ್ಲ, ನಾಳೆಯೇ ಹಂಡೆ ಏರಿಸುತ್ತೇನೆ. ಅಮ್ಮ ಹೋದಮೇಲೆ ಇಷ್ಟು ಹುರುಪಿನಿಂದ ಕೋಸು ಹೆಚ್ಚಿದ್ದು ನೆನಪಿಲ್ಲ.

ಕಣ್ಣು ಸರಿಯಾಗಿದೆ. ನೀನೇ ನೋಡಿದೆಯಲ್ಲ.

ಅಕ್ಕ


ಮೇ 2

ಮೂವತ್ತಾರೂ ಹಸಿರು.

ಹಾಡಿನ ಮೇಷ್ಟ್ರು ಒಳ್ಳೆಯ ಮನುಷ್ಯ. ಗಂಟು ಬಿಚ್ಚಿ ನೋಡಿ, ಮತ್ತೆ ಕಟ್ಟತೊಡಗಿದರು. ಜೊತೆಗೆ ಬಂದಿದ್ದ ಪುಟ್ಟ ಹುಡುಗಿ, “ಅಜ್ಜೀ, ನಾವು ಆಕಾಶ ಆಗ್ಬೇಕಿತ್ತು, ಗಿಡ ಅಲ್ಲ” ಎಂದಿತು. ಮೇಷ್ಟ್ರು ಅದರ ಬಾಯಿ ಮುಚ್ಚಿಸಲು ಹೋದರು. ನಾನು ವಸ್ತ್ರವನ್ನು ಕಣ್ಣ ಹತ್ತಿರ ಹಿಡಿದೆ, ದೂರ ಹಿಡಿದೆ. ನನಗೆ ಅದು ನೀಲಿಯಾಗಿಯೇ ಕಾಣುತ್ತಿತ್ತು. ಈಗಲೂ ಕಾಣುತ್ತಿದೆ.

ಸುದ್ದಿ ಕೇಳಿ ಹಿಂಡುವಾಕೆ ಬಾಣಂತನ ಅರ್ಧಕ್ಕೆ ಬಿಟ್ಟು ಓಡಿಬಂದಳು. ಬಂದವಳೇ ಅತ್ತುಬಿಟ್ಟಳು. ವರ್ಷದಿಂದ ಅವಳಿಗೆ ಗೊತ್ತಿತ್ತಂತೆ. ನಾನು ಸುರಿಯುತ್ತಿದ್ದ ಮೂರು ಲೋಟದಲ್ಲಿ ಒಂದು ಮಾತ್ರ ಬೂದಿನೀರು, ಉಳಿದ ಎರಡಕ್ಕೆ ಅವಳು ಬರೀ ನೀರು ತುಂಬಿಡುತ್ತಿದ್ದಳಂತೆ. “ಹೇಳಿದ್ರೆ ನೀವು ಎಲ್ಲಿ ಕುಸಿದು ಹೋಗ್ತೀರೋ ಅಂತ ಅಕ್ಕಾ” ಎಂದಳು. ಬೇರೆ ಬಣ್ಣಗಳಿಗೂ ಅವಳೇ ಕಣ್ಣಾಗಿದ್ದಳು, ನನಗೆ ಗೊತ್ತಾಗದ ಹಾಗೆ. ಅವಳನ್ನು ಬೈಯಲು ಆಗಲಿಲ್ಲ. ಅವಳು ನನ್ನ ಬಟ್ಟೆಯನ್ನಾದರೂ ಉಳಿಸಿದಳು.

ನೀನು ಏನು ಉಳಿಸಿದೆ? ಆ ತುಂಡು ನಿನ್ನ ಕೈಗೆ ಬಂದಾಗಲೂ ಹಸಿರೇ ಇತ್ತು ತಾನೇ? ಕಣ್ಣು ಗಿಣ್ಣು ಸರಿಯಾಗಿದೆ ತಾನೇ ಎಂದು ಕೇಳಿದೆಯಲ್ಲ, ಆಗಲೇ ಗೊತ್ತಾಗಿತ್ತು ನಿನಗೆ. ನೀಲಿ ಎಂದು ಬರೆದೆ. ನಾನು ಅದನ್ನು ಗೋಡೆಗೆ ಅಂಟಿಸಿ, ಅದನ್ನು ನೋಡಿಕೊಂಡೇ ಮೂವತ್ತಾರು ವಸ್ತ್ರ ಕೆಡಿಸಿದೆ. ಅಮ್ಮನಿಗೆ ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿದೆ, ನನಗೆ ಹೇಳಲೇಬೇಕಾದ ಒಂದು ಮಾತನ್ನೂ ಹೇಳಲಿಲ್ಲ. ಪದಗಳ ಕೆಲಸ ಮಾಡುತ್ತೀಯಂತೆ, ಏನು ಬಂತು ಅದರಿಂದ?

ಅಕ್ಕ


ಮೇ 9

ಅಕ್ಕಾ,

ಹಸಿರೇ ಇತ್ತು. ಗೊತ್ತಿದ್ದೂ ನೀಲಿ ಎಂದು ಬರೆದೆ. ವಸ್ತ್ರಗಳಿಗೆ ಹಂಡೆ ಏರಿಸುತ್ತೇನೆ ಎಂದು ನೀನು ಬರೆದ ಕಾಗದ ತಲುಪಿದ ದಿನವಾದರೂ ಓಡಿಬರಬಹುದಿತ್ತು, ಬರಲಿಲ್ಲ. ಇದಕ್ಕೆ ನೆಪ ಕೊಡುವುದಿಲ್ಲ. ಕಳಿಸದೆ ಇಟ್ಟ ಒಂದು ಕಾಗದವಿದೆ, ಇದರ ಜೊತೆಗೇ ಇಡುತ್ತಿದ್ದೇನೆ, ಓದು.

ನನಗೆ ಹೆದರಿಕೆ ಅಕ್ಕಾ. ಅಮ್ಮ ಸ್ಟೂಲಿನ ಮೇಲೆ ಕೂತು ‘ಯಾವ ಬಣ್ಣ ಬಂತೇ’ ಎಂದು ಕೇಳುತ್ತಿದ್ದದ್ದು ನಿನಗೊಬ್ಬಳಿಗೇ ಕೇಳಿಸುತ್ತದೆ ಎಂದುಕೊಂಡೆಯಾ? ನಾನು ಇಪ್ಪತ್ತೆರಡು ವರ್ಷದಿಂದ ಯಾರಿಗೂ ಏನನ್ನೂ ಮಾಡು ಎಂದು ಹೇಳಿಲ್ಲ. ಹೋಟೆಲಿನಲ್ಲಿ ಪಕ್ಕದವರು ಏನು ತಿನ್ನಲಿ ಎಂದು ಕೇಳಿದರೂ ನಿಮ್ಮಿಷ್ಟ ಎನ್ನುತ್ತೇನೆ. ಪದಗಳು ಎಲ್ಲಿಂದ ಬಂದವು ಎಂದು ಹುಡುಕುವ ಕೆಲಸ ಹಿಡಿದದ್ದೂ ಅದಕ್ಕೇ. ಅಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ, ನನ್ನ ಮಾತಿನಿಂದ ಯಾರಿಗೂ ಏನೂ ಆಗುವುದಿಲ್ಲ.

ಈಗಲೂ ಕಣ್ಣು ತೋರಿಸಿಕೋ ಎಂದು ಹೇಳಲು ನಾಲಿಗೆ ಏಳುತ್ತಿಲ್ಲ. ಬೇರೆ ಒಂದು ಉಪಾಯ ಹೊಳೆದಿದೆ. ನೀನು ಹಂಡೆ ಏರಿಸಿದಾಗೆಲ್ಲ ಒಂದು ಎಳೆ ದಾರ ಅದ್ದಿ ನನಗೆ ಅಂಚೆಯಲ್ಲಿ ಕಳಿಸು. ಯಾವ ಬಣ್ಣ ಬಂದಿದೆ ಎಂದು ಅವತ್ತೇ ಬರೆಯುತ್ತೇನೆ. ಇನ್ನು ಸುಳ್ಳು ಹೇಳುವುದಿಲ್ಲ.

ನಿನ್ನ ತಮ್ಮ


ಮೇ 16

ದಾರ ಕಳಿಸುವುದಿಲ್ಲ. ಅಂಚೆಯಲ್ಲಿ ಬಣ್ಣ ನೋಡುವ ಬಣ್ಣಗಾರ್ತಿ ಎಲ್ಲಾದರೂ ಉಂಟೇ? ನಿನ್ನ ಉತ್ತರ ಬರುವಷ್ಟರಲ್ಲಿ ಕೋಸು ಕೊಳೆತಿರುತ್ತದೆ.

ಸ್ವಲ್ಪ ದಿನ ಬರೆಯಬೇಡ.

ಅಕ್ಕ


ಜೂನ್ 8

ಮರೀ,

ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಹಿಂಡುವಾಕೆ ಕೈ ಹಿಡಿದುಕೊಂಡು ಬಂದಳು, ಹಿಡಿದದ್ದಲ್ಲ, ಹಿಂಡಿದ್ದು. ಇನ್ನೂ ನೋಯುತ್ತಿದೆ.

ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ದೀಪ ಬಿಟ್ಟು ನೋಡಿ, “ಕಣ್ಣೊಳಗಿನ ಮಸೂರ ಹಳದಿಯಾಗಿದೆ ಅಮ್ಮಾ. ಹಳದಿ ಗಾಜಿನ ಹಿಂದೆ ಕೂತ್ಕೊಂಡು ನೀಲಿ ಹುಡುಕಿದ್ರೆ ಎಲ್ಲಿ ಸಿಗುತ್ತೆ?” ಎಂದಳು. ನನಗೆ ಇಷ್ಟವಾಗಿದ್ದ ಆ ಬೆಣ್ಣೆ ಬಣ್ಣದ ಗೋಡೆ, ಮೆತ್ತನೆಯ ಆಕಾಶ, ದೀಪದ ಹೂಗಳು ಎಲ್ಲವೂ ಪೊರೆಯೇ ಅಂತೆ. ಕೇಳಿ ಒಂದು ನಿಮಿಷ ದುಃಖವಾಯಿತು. ಇನ್ನು ಆ ಹೂಗಳು ಕಾಣುವುದಿಲ್ಲವೇ ಎಂದು ಕೇಳಿಯೂ ಬಿಟ್ಟೆ. ಅವಳು ನಕ್ಕಳು.

ಅಮ್ಮನ ವಿಷಯ ಹೇಳಿದೆ. ಯಾರ ತಪ್ಪು ಅದು ಎಂದು ಕೇಳಿದೆ. “ಅದು ಸೋಂಕು. ಆಗಲೂ ಅಪರೂಪ, ಈಗ ಇನ್ನೂ ಅಪರೂಪ. ಆಗೋದೇ ಇಲ್ಲ ಅಂತ ಮಾತ್ರ ನಾನು ಹೇಳಲ್ಲ” ಎಂದಳು. ಕೊನೆಯ ಆ ಮಾತು ಕೇಳಿ ಅವಳ ಮೇಲೆ ನಂಬಿಕೆ ಬಂತು. ತೆಗೆಸಿಕೊಳ್ಳುತ್ತೇನೆ ಎಂದೆ.

ಆಮೇಲೆ ಒಂದು ಕಾಗದ ಕೊಟ್ಟರು. ಆಪರೇಷನ್ನಿಗೆ ಒಪ್ಪಿಗೆ ಇದೆ ಎಂದು ನಾನು ಒಂದು ಕಡೆ, ನನ್ನ ಕಡೆಯವರು ಒಂದು ಕಡೆ ಸಹಿ ಹಾಕಬೇಕಂತೆ. “ಕೊಡಿ ಇಲ್ಲಿ, ನಾನೇ ಗೀಚ್ತೀನಿ” ಎಂದು ಹಿಂಡುವಾಕೆ ಪೆನ್ನು ಕಿತ್ತುಕೊಂಡಳು. ನಾನು ಕಾಗದವನ್ನು ಹಿಂದಕ್ಕೆಳೆದುಕೊಂಡೆ. ಯಾಕೆಂದು ಅವಳಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ.

ಅವತ್ತು ಅಮ್ಮನ ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಆಸ್ಪತ್ರೆಯವರು ಮೊದಲು ಇಟ್ಟದ್ದು ನನ್ನ ಮುಂದೆ. ನಾನು ದೊಡ್ಡವಳು, ಮೂವತ್ತನಾಲ್ಕು ವರ್ಷದವಳು. ಪೆನ್ನು ಹಿಡಿದೆ, ಕೈ ಏಳಲಿಲ್ಲ. “ಹಂಡೆ ಒಲೆ ಮೇಲಿದೆ, ಬಣ್ಣ ಕೆಟ್ಟು ಹೋಗುತ್ತೆ, ನೀನೇ ಹಾಕಿಬಿಡು” ಎಂದು ಪೆನ್ನನ್ನು ನಿನ್ನ ಕೈಗೆ ತುರುಕಿ ಎದ್ದು ಹೊರಟೆ. ಅವತ್ತು ಒಲೆಯ ಮೇಲೆ ಹಂಡೆ ಇರಲಿಲ್ಲ ಮರೀ. ಒಲೆಯನ್ನೇ ಹಚ್ಚಿರಲಿಲ್ಲ. ಬಣ್ಣದ ಮನೆಯ ಬಾಗಿಲು ಹಾಕಿಕೊಂಡು, ತಣ್ಣನೆಯ ಒಲೆಯ ಮುಂದೆ ಸುಮ್ಮನೆ ಕೂತಿದ್ದೆ. ನಿನಗೆ ಆಗ ಇಪ್ಪತ್ತನಾಲ್ಕು. ಕಣ್ಣು ಹೋದಮೇಲೆ, ಸಹಿ ಹಾಕಿದವನು ಅವನು ಎಂದು ನೆಂಟರಿಗೆಲ್ಲ ಹೇಳಿದೆ. ಅಮ್ಮನಿಗೂ ಹೇಳಿದೆ. ಹೇಳಿ ಹೇಳಿ ನಾನೇ ನಂಬಿದೆ.

ಪೆನ್ನು ಕೊಟ್ಟವಳು ಅಕ್ಕ ಎಂದು ನೀನು ಒಬ್ಬರ ಹತ್ತಿರವೂ ಹೇಳಲಿಲ್ಲ. ಇಷ್ಟು ವರ್ಷ ನಾನು ಅದನ್ನೇ ಕಾಯುತ್ತಿದ್ದೆ. ಒಂದು ಸಲವಾದರೂ ಸಿಟ್ಟಿನಲ್ಲಿ ಬರೆದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಪುಣ್ಯಾತ್ಮ, ನೀನು ಬೈಯುವುದನ್ನೂ ಕಲಿಯಲಿಲ್ಲ.

ನನ್ನ ಸಹಿ ಹಾಕಿಯಾಗಿದೆ. ಪಕ್ಕದ ಜಾಗ ಖಾಲಿ ಬಿಟ್ಟಿದ್ದೇನೆ. ಈ ತಿಂಗಳು ಹದಿನೇಳು, ಬೆಳಿಗ್ಗೆ ಎಂಟು ಗಂಟೆ. ಹಿಂದಿನ ದಿನವೇ ಬಂದುಬಿಡು, ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿಸುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ, ಹೇಳಬೇಕಾದ್ದನ್ನು ಡಾಕ್ಟರು ಹೇಳಿದ್ದಾಳೆ. ಏನೇ ಆದರೂ ತೀರ್ಮಾನ ನನ್ನದು ಎಂದು ಈ ಕಾಗದದಲ್ಲಿ ಬರೆದುಕೊಟ್ಟಿದ್ದೇನೆ, ಜೋಪಾನವಾಗಿ ಇಟ್ಟುಕೋ.

ಪೆನ್ನನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ಈ ಸಲ ನಾನು ಎದ್ದು ಹೋಗುವುದಿಲ್ಲ.

ನಿನ್ನ ಅಕ್ಕ